ಕೂಗಳತೆಯ ಆಚೆಗೆ

ಘಟ್ಟದ ಮೇಲಿನ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ದೂರವನ್ನಳೆಯಲು ಹರದಾರಿ-ಮೈಲುಗಳಿಗಿಂತ ಹಳೆಯದಾದ ಮಾನವೊಂದುಂಟು. ಅದಕ್ಕೆ ಕೂಗಳತೆಯೆಂದು ಹೆಸರು. ಬಯಲುಸೀಮೆಯಲ್ಲಿದ್ದಂತೆ ಮನೆಗೆ ಮನೆ ತಾಗಿಕೊಂಡಿರುವ ಊರು ಇಲ್ಲಿ ವಿರಳ. ಒಂದು ಕಣಿವೆ, ಅದರ ತಳದಲ್ಲಿ ಅಡಕೆಯ ತೋಟ, ತೋಟದ ತಲೆಯ ಮೇಲೆ ಒಂದು ಮನೆ; ನಡುವೆ ಗುಡ್ಡ; ಗುಡ್ಡದಾಚೆ ಮತ್ತೊಂದು ಕಣಿವೆ, ಮತ್ತೊಂದು ಮನೆ. ಈ ಮನೆಯ ಅಂಗಳದಲ್ಲಿ ನಿಂತು "ಕೂ" ಎಂದರೆ ಆ ಮನೆಯಿಂದ "ಓ" ಎಂಬ ಉತ್ತರ ಬರುವಷ್ಟು ದೂರವೇ ಕೂಗಳತೆ. ಆಕಳು ತಪ್ಪಿಸಿಕೊಂಡಾಗಲೂ, ಹಾವು ಕಂಡಾಗಲೂ, ನಡುರಾತ್ರಿಯಲ್ಲಿ ಮನೆಯವರಿಗೆ ಜಡ್ಡು ಬಿದ್ದಾಗಲೂ ನಮ್ಮ ಹಿರಿಯರಿಗೆ ಆಧಾರವಾಗಿದ್ದುದು ಈ ಕೂಗೇ.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಬಂದಿರುವದರಿಂದ ಕೂಗುವ ಕೊರಳುಗಳು ಕಡಿಮೆಯಾಗಿವೆ. ಆದರೆ ಆಷಾಢದ ಮಳೆ ಹಿಡಿದು, ಮರ ಬಿದ್ದು, ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ತೀರಿದ ಮೇಲೆ ಆ ಮೊಬೈಲು ಕೈದೀಪಕ್ಕಿಂತ ಹೆಚ್ಚಿನ ಉಪಯೋಗಕ್ಕೆ ಬಾರದು. ೨೦೨೧ರ ಜುಲೈ ತಿಂಗಳಿನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ಮನೆ-ತೋಟಗಳ ಮೇಲೆ ಬಂದದ್ದನ್ನೂ, ಅರಬೈಲ ಘಟ್ಟದ ದಾರಿ ಕುಸಿದದ್ದನ್ನೂ, ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾದದ್ದನ್ನೂ ಈ ಸೀಮೆಯವರು ಮರೆತಿಲ್ಲ. ಅಂಥ ದಿನಗಳಲ್ಲಿ ಮನುಷ್ಯನಿಗೆ ಅನ್ನದಷ್ಟೇ ಅವಶ್ಯವಾದದ್ದು ಒಂದು ಮಾತು: "ನಾವು ಕ್ಷೇಮ" ಎಂದೋ, "ಬೇಗ ಬನ್ನಿ" ಎಂದೋ.

ನಮ್ಮ ನೆರೆಯ ಗೃಹಸ್ಥರೊಬ್ಬರ ತಾಯಿಗೆ ಎಂಬತ್ತು ದಾಟಿದೆ, ಹೃದಯದ ವ್ಯಾಧಿ. ಒಂದು ಮಳೆಗಾಲದ ರಾತ್ರಿ ಆಕೆಗೆ ಉಸಿರು ಕಟ್ಟಿದಾಗ ಫೋನು ಸತ್ತಿತ್ತು; ಮಳೆಯ ಸದ್ದಿನಲ್ಲಿ ಕೂಗು ಕೇಳುವಂತಿರಲಿಲ್ಲ. ಮಗನು ಟಾರ್ಚು ಹಿಡಿದು ಸಂಕ ದಾಟಿ, ಜೀಪಿದ್ದವರ ಮನೆಗೆ ಓಡಬೇಕಾಯಿತು. ದೈವಕೃಪೆಯಿಂದ ಮುದುಕಿ ಉಳಿದಳು. ಮರುವಾರ ಅವರು ನಮ್ಮ ಜಗಲಿಗೆ ಬಂದು ಕೂತು, "ಮಾಸ್ತರೇ, ಪೋಲೀಸರ ಕೈಯಲ್ಲಿರುವಂಥ ವಾಕಿ-ಟಾಕಿಗಳು ಈಗ ಮನೆಬಾಗಿಲಿಗೇ ಬರುತ್ತವಂತೆ. ಒಂದು ಜೋಡಿ ತರಿಸಿಬಿಡಲೇ? ಅದಕ್ಕೇನಾದರೂ ಕಾಯಿದೆಯುಂಟೇ?" ಎಂದು ಕೇಳಿದರು. ಕಾಳಿದಾಸನನ್ನೂ ಕೌಮುದಿಯನ್ನೂ ಪಾಠ ಹೇಳಿದವನಿಗೆ ಇದರ ಉತ್ತರ ಒಡನೆಯೇ ತಿಳಿಯುವದೆಂತು? ನಿವೃತ್ತನಿಗೆ ವೇಳೆಗೇನೂ ಕೊರತೆಯಿಲ್ಲವಾದ್ದರಿಂದ, ನೋಡಿ ಹೇಳುವೆನೆಂದು ಒಪ್ಪಿಕೊಂಡೆನು. ಆ ಶೋಧದ ಫಲವನ್ನೇ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಒಂದು ಭೇದವನ್ನು ತಿಳಿಯಬೇಕು. ರೇಡಿಯೋ ಕೇಳುವದು ಬೇರೆ, ರೇಡಿಯೋದಲ್ಲಿ ಮಾತನಾಡುವದು ಬೇರೆ. ಹಿಂದೆ ಕೇಳುವದಕ್ಕೂ ಪರವಾನಿಗೆ ಬೇಕಾಗಿತ್ತು. ನಾನು ಹುಡುಗನಾಗಿದ್ದಾಗ ವರ್ಷಕ್ಕೊಮ್ಮೆ ಆ ಪುಸ್ತಕವನ್ನು ಹಿಡಿದು ಪೋಸ್ಟ್ ಆಫೀಸಿಗೆ ಹೋಗಿ ಹಣ ಕಟ್ಟಿ ಬರುವ ಕೆಲಸ ನನ್ನದೇ ಆಗಿತ್ತು. ೧೯೮೦ರ ದಶಕದಲ್ಲಿ ಆ ಕಟ್ಟಳೆ ಹೋಯಿತು. ಆದರೆ ಮಾತನ್ನು ಆಕಾಶಕ್ಕೆ ಬಿಡುವ ಯಂತ್ರಕ್ಕೆ ಮಾತ್ರ ಕಟ್ಟಳೆ ಇನ್ನೂ ಉಂಟು, ಇರಲೂ ಬೇಕು. ಕಿವಿ ಎಷ್ಟು ತೆರೆದಿದ್ದರೂ ನೆರೆಯವನಿಗೆ ಬಾಧಕವಿಲ್ಲ. ಬಾಯಿಯ ಮಾತು ಹಾಗಲ್ಲವಷ್ಟೇ.

ಈ ಕಟ್ಟಳೆಯ ಮರ್ಮವು ನಮ್ಮ ಸೀಮೆಯವರಿಗೆ ತಿಳಿಯುವಷ್ಟು ಸುಲಭವಾಗಿ ಬೇರೆಯವರಿಗೆ ತಿಳಿಯಲಾರದು. ನಮ್ಮಲ್ಲಿ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟವೆಂಬ ಹಕ್ಕು ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. ಬೆಟ್ಟದ ಒಡೆತನ ನಮ್ಮದಲ್ಲ, ಸರಕಾರದ್ದು. ನಾವು ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು. ಆದರೆ ಅದು ನಮ್ಮ ತೋಟದ ಗೊಬ್ಬರಕ್ಕಾಗಿ ಹೊರತು ಮಾರಾಟಕ್ಕಾಗಿ ಅಲ್ಲ. ಆಕಾಶವೂ ಅಂಥದೇ ಒಂದು ಬೆಟ್ಟ. ವಿಮಾನದವರು, ಹಡಗಿನವರು, ಪೋಲೀಸರು, ಸೈನ್ಯದವರು, ಮೊಬೈಲು ಕಂಪನಿಯವರು - ಒಬ್ಬೊಬ್ಬರಿಗೂ ಅದರಲ್ಲಿ ಇಂತಿಷ್ಟು ಆವರ್ತನಗಳೆಂದು ಗಡಿ ಹಾಕಿ ಕೊಟ್ಟಿರುತ್ತಾರೆ. ಹವ್ಯಾಸಿಗೂ ಒಂದು ಪಾಲುಂಟು. ಅದನ್ನು ತನ್ನ ಕಲಿಕೆಗೂ ಸಂತೋಷಕ್ಕೂ ಬಳಸಬೇಕು, ವ್ಯಾಪಾರಕ್ಕೆ ಬಳಸಕೂಡದು. ಗಡಿ ಮೀರಿದವನು ತಾನು ಕಾಣದ ಯಾರದೋ ತೋಟಕ್ಕೆ ದನ ಬಿಟ್ಟಂತೆಯೇ ಸರಿ.

ಅದರಲ್ಲಿಯೂ ನಮ್ಮ ಜಿಲ್ಲೆಯಲ್ಲಿ ಕೈಗಾದ ಅಣುವಿದ್ಯುತ್ ಸ್ಥಾವರವಿದೆ. ಕಾರವಾರದ ಬಳಿ ಕದಂಬ ನೌಕಾನೆಲೆಯಿದೆ. ಇಲ್ಲಿಯ ಕಾಡಿನೊಳಗಿಂದ ಹೆಸರಿಲ್ಲದ ಧ್ವನಿಯೊಂದು ಹೊರಟರೆ ಅಧಿಕಾರಿಗಳು ಅದನ್ನು ಹುಡುಗಾಟವೆಂದು ಬಿಡಲಾರರು. ಈ ಕಾಡಿಗೂ ನಿಸ್ತಂತುವಿಗೂ ಹಳೆಯ ನಂಟು. ಗೋವೆಯ ವಿಮೋಚನೆಗಾಗಿ ವಾಮನ ಸರದೇಸಾಯಿಯವರೂ ಲಿಬಿಯಾ ಲೋಬೋ ಅವರೂ ೧೯೫೫ರಿಂದ ೧೯೬೧ರವರೆಗೆ ನಡೆಯಿಸಿದ ಗುಪ್ತ ರೇಡಿಯೋ ಕೇಂದ್ರವು, ಮೊದಲು ಅಂಬೋಲಿಯ ಕಾಡಿನಿಂದಲೂ ಆಮೇಲೆ ನಮ್ಮ ಕ್ಯಾಸಲ್‌ರಾಕಿನ ಕಾಡಿನಿಂದಲೂ ಮಾತನಾಡಿತು. ಆ ತಾಯಿಗೆ ೨೦೨೫ರಲ್ಲಿ ಪದ್ಮಶ್ರೀ ಸಂದಿತು. ದಾಸ್ಯದಲ್ಲಿದ್ದವರಿಗೆ ಅಡಗಿ ಮಾತನಾಡುವದು ಧರ್ಮವಾಗಿತ್ತು. ಸ್ವತಂತ್ರರಾದ ನಮಗೆ ಹೆಸರು ಹೇಳಿ ಮಾತನಾಡುವದೇ ಧರ್ಮ.

ಇನ್ನು ಗೃಹಸ್ಥನ ಎದುರಿಗೆ ಇರುವ ದಾರಿಗಳು ಯಾವವು? ಮೊದಲನೆಯದು ಪರವಾನಿಗೆ ಬೇಡದ ದಾರಿ. ೨೦೧೮ರ ನಿಯಮಗಳಂತೆ ೪೪೬.೦ರಿಂದ ೪೪೬.೨ ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯಲ್ಲಿ ಅಲ್ಪಶಕ್ತಿಯ ಕೈರೇಡಿಯೋಗಳನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಆ ಯಂತ್ರದ ಮಾದರಿಗೆ ಸರಕಾರದ ಅನುಮೋದನೆ ಇರತಕ್ಕದ್ದು. ಇದಕ್ಕೂ ಮೊದಲು, ೨೦೦೫ರಲ್ಲಿ, ೨೭ ಮೆಗಾಹರ್ಟ್ಸ್‌ನ ಆಸುಪಾಸಿನ ನಾಗರಿಕ ಪಟ್ಟಿಯಲ್ಲಿ ಐದು ವಾಟಿನವರೆಗೆ ಇಂಥದೇ ವಿನಾಯಿತಿ ದೊರೆತಿತ್ತು. ಎರಡನೆಯದು ಹವ್ಯಾಸೀ ರೇಡಿಯೋ, ಅಂದರೆ ಲೋಕದಲ್ಲಿ ಹ್ಯಾಮ್ ಎಂದು ಪ್ರಸಿದ್ಧವಾದ ದಾರಿ. ಇದಕ್ಕೆ ಪರೀಕ್ಷೆಯೂ ಪರವಾನಿಗೆಯೂ ಬೇಕು. ಮೂರನೆಯದು ಕಾರಖಾನೆ, ಕಾವಲು ಸಂಸ್ಥೆ ಮೊದಲಾದವುಗಳು ತಮ್ಮ ಕೆಲಸಕ್ಕಾಗಿ ಆವರ್ತನ ಪಡೆಯುವ ದಾರಿ. ಅದು ನಮ್ಮಂಥ ಮನೆವಂದಿಗರಿಗೆ ಸಂಬಂಧಿಸಿದ್ದಲ್ಲ.

ಗೊಂದಲ ಹುಟ್ಟುವದು ಅಂಗಡಿಯಲ್ಲಿ. ಅಂತರ್ಜಾಲದ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ಎಷ್ಟೋ ಕೈರೇಡಿಯೋಗಳಿಗೆ ಯಾವ ಆವರ್ತನವೂ ವರ್ಜ್ಯವಲ್ಲ. ಗುಂಡಿಯೊತ್ತಿ ಅಂಕಿ ತಿರುಗಿಸಿದರೆ ಪೋಲೀಸರ ಪಟ್ಟಿಗೂ ಹೋಗುತ್ತವೆ, ಹವ್ಯಾಸಿಗಳ ಪಟ್ಟಿಗೂ ಹೋಗುತ್ತವೆ. ಕೊಳ್ಳುವವನಿಗೆ ಇದರ ಸುಳಿವೂ ಇರುವದಿಲ್ಲ. ಈ ಅನರ್ಥವನ್ನು ಕಂಡೇ ೨೦೨೫ರಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣ ಪ್ರಾಧಿಕಾರವು ಇಂಥ ಮಾರಾಟವನ್ನು ಹತೋಟಿಗೆ ತರಲು ಮಾರ್ಗಸೂಚಿಗಳನ್ನು ಹೊರಡಿಸಿತು. ಆದ್ದರಿಂದ ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಈ ಯಂತ್ರವು ಯಾವ ಆವರ್ತನಗಳಲ್ಲಿ ಮಾತನಾಡುವದು? ಇದರ ಮಾದರಿಗೆ ಅನುಮೋದನೆಯ ಪತ್ರವುಂಟೇ? ಉತ್ತರ ಕೊಡಲಾರದ ವರ್ತಕನಿಂದ ಕೊಳ್ಳದಿರುವದೇ ಲೇಸು.

ನೆರೆಯವರಿಗೆ ನಾನು ಹೇಳಿದ್ದಿಷ್ಟು: "ನಿಮಗೆ ಬೇಕಾದದ್ದು ಮನೆಗೂ ತೋಟಕ್ಕೂ, ಮನೆಗೂ ಜೀಪಿನವರಿಗೂ ಮಾತು. ನಿಮ್ಮ ಹೆಂಡತಿಯೂ ತಾಯಿಯೂ ಅದನ್ನು ಬಳಸಬೇಕು. ಹವ್ಯಾಸಿಯ ಪರವಾನಿಗೆ ಮನೆತನಕ್ಕೆ ಬರುವಂಥದಲ್ಲ, ವ್ಯಕ್ತಿಗೆ ಬರುವಂಥದು. ಪರೀಕ್ಷೆ ಪಾಸಾದವನೇ ಮಾತನಾಡತಕ್ಕದ್ದು. ಆದ್ದರಿಂದ ೪೪೬ರ ಅನುಮೋದಿತ ಜೋಡಿಯನ್ನೇ ತರಿಸಿರಿ." ಅವರು ತರಿಸಿದರು. ಆಳಿಗೆ ಚಹಕ್ಕೆ ಕರೆಯುವದರಿಂದ ಹಿಡಿದು ಕೊನೆಗೌಡನಿಗೆ ಹೇಳಿಕಳಿಸುವವರೆಗೆ ಅದು ತೋಟದ ತುದಿಯವರೆಗೂ ಚೆನ್ನಾಗಿ ಕೇಳುತ್ತದೆ. ಎದುರು ದಿಬ್ಬದ ಮೇಲಿನ ಜೀಪಿನ ಮನೆಗೂ ಮುಟ್ಟುತ್ತದೆ. ಗುಡ್ಡದಾಚೆಗೆ ಮುಟ್ಟುವದಿಲ್ಲ. ಆದರೂ ಮುದುಕಿಯ ಹಾಸಿಗೆಯ ಬಳಿ ಒಂದು ಪೆಟ್ಟಿಗೆಯೂ ಜೀಪಿನವರ ಮನೆಯಲ್ಲಿ ಅದರ ಜೊತೆಗಾರನೂ ಇರುವದರಿಂದ, ಆ ಮನೆಯವರು ಈಗ ಮಳೆಯ ರಾತ್ರಿಗಳಲ್ಲಿ ನಿದ್ದೆ ಮಾಡುತ್ತಾರೆ.

ಗುಡ್ಡದಾಚೆಗೆ ಏಕೆ ಮುಟ್ಟುವದಿಲ್ಲವೆಂಬ ಪ್ರಶ್ನೆಯನ್ನು ಎತ್ತಿದವಳು ಅವರ ಮಗಳು, ಹದಿಮೂರು ವರ್ಷದ ಹುಡುಗಿ. ಆ ಪ್ರಶ್ನೆಯೇ ನಮ್ಮಿಬ್ಬರನ್ನೂ ಹವ್ಯಾಸೀ ರೇಡಿಯೋದ ದಾರಿಗೆ ಎಳೆಯಿತು.

ಅತ್ಯುಚ್ಚ ಆವರ್ತನದ ಅಲೆಗಳು ಬೆಳಕಿನಂತೆ ನೆಟ್ಟಗೆ ಹೋಗುತ್ತವೆ. ಕಣ್ಣಿಗೆ ಕಾಣದ ಮನೆಗೆ ಅವುಗಳ ಮಾತು ಮುಟ್ಟುವದು ಕಷ್ಟ. ಹವ್ಯಾಸಿಗಳ ೧೪೪ರಿಂದ ೧೪೬ ಮೆಗಾಹರ್ಟ್ಸ್‌ನ ಕೈರೇಡಿಯೋ ಐದು ವಾಟಿನದಾದರೂ ನಮ್ಮ ಕಣಿವೆಯ ತಳದಲ್ಲಿ ಕುಂಟುವದು. ಅದನ್ನೇ ಗುಡ್ಡದ ನೆತ್ತಿಗೆ ಒಯ್ದರೆ ಹಲವು ಹರದಾರಿ ಓಡುವದು. ವಾಟು ಹೆಚ್ಚಿಸುವದಕ್ಕಿಂತ ಅಂಟೆನಾವನ್ನು ಎತ್ತರಿಸುವದು ಮೇಲು. ಆದರೆ ೭.೦ರಿಂದ ೭.೨ ಮೆಗಾಹರ್ಟ್ಸ್‌ನ ಪಟ್ಟಿಯ ನಡೆ ಬೇರೆ. ಅದರ ಅಲೆ ಸುಮಾರು ನಾಲ್ವತ್ತು ಮೀಟರು ಉದ್ದ. ಅದು ಮೇಲಕ್ಕೆ ಹೋಗಿ, ಭೂಮಿಯಿಂದ ನೂರಾರು ಕಿಲೋಮೀಟರು ಎತ್ತರದಲ್ಲಿರುವ ವಿದ್ಯುದಂಶಭರಿತವಾದ ವಾಯುಪಟಲಕ್ಕೆ ತಾಗಿ, ಕೆಳಕ್ಕೆ ಮರಳುವದು. ಮೇಲಿನಿಂದ ಬೀಳುವ ಮಳೆಗೆ ಗುಡ್ಡ ಅಡ್ಡವಾಗುವದಿಲ್ಲವಷ್ಟೇ. ಹಾಗೆಯೇ ಈ ಮಾತಿಗೂ ಆಗುವದಿಲ್ಲ. ಹಗಲಿನಲ್ಲಿ ಹುಬ್ಬಳ್ಳಿಯೇನು, ಬೆಂಗಳೂರೇನು, ಎಲ್ಲವೂ ಅದರ ಅಳವಿನೊಳಗೆ. ಅದಕ್ಕೆ ಬೇಕಾದ ಅಂಟೆನಾವೆಂದರೆ ನಡುವಿನಲ್ಲಿ ಕತ್ತರಿಸಿ, ಪ್ರತಿಯೊಂದು ಭುಜ ಸುಮಾರು ಹತ್ತು ಮೀಟರು ಇರುವಂತೆ ಕಟ್ಟಿದ ತಾಮ್ರದ ತಂತಿ. ಪೇಟೆಯವರು ಅದಕ್ಕಾಗಿ ಕಂಬ ನೆಡಬೇಕು. ನಮಗೆ ದೇವರು ಅಡಕೆಯ ಮರಗಳನ್ನೇ ಕೊಟ್ಟಿದ್ದಾನೆ.

ಆದರೆ ಪರೀಕ್ಷೆಯಿಲ್ಲದೆ ಆ ತಂತಿಗೆ ಮಾತು ಕೂಡಿಸುವಂತಿಲ್ಲ. ಭಾರತದಲ್ಲಿ ಹವ್ಯಾಸಿಗಳ ಇತಿಹಾಸವು ೧೯೨೧ರಲ್ಲಿ ಕಲಕತ್ತೆಯ ಅಮರೇಂದ್ರಚಂದ್ರ ಗುಪ್ತು ಅವರಿಂದ ಮೊದಲಾಗುವದು. ನಮ್ಮ ಕನ್ನಡನಾಡಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಮೂವತ್ತು ವಾಟಿನ ಯಂತ್ರದಿಂದ ಪ್ರಸಾರವನ್ನಾರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಪುಟ್ಟ ಕೇಂದ್ರದ್ದು. ದೇಶದ ರೇಡಿಯೋಕ್ಕೆ ಅದು ಆಮೇಲೆ ಬಂದಿತು. ಒಬ್ಬ ಮೇಷ್ಟರ ಹವ್ಯಾಸದಿಂದ ಇಡಿಯ ದೇಶಕ್ಕೆ ಒಂದು ಶಬ್ದ ದೊರೆತುದು ನನ್ನಂಥ ಮಾಸ್ತರರಿಗೆ ಅಭಿಮಾನದ ಸಂಗತಿ.

ಕಾಯಿದೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ೧೮೮೫ರ ತಂತಿ ಕಾಯಿದೆ, ೧೯೩೩ರ ನಿಸ್ತಂತು ಕಾಯಿದೆ ಇವುಗಳ ತಳಹದಿಯ ಮೇಲೆ ೧೯೭೮ರಲ್ಲಿ ಹವ್ಯಾಸಿಗಳ ನಿಯಮಾವಳಿ ಬಂದಿತು. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂಡ್ರಬಹುದೆಂದು ಅದು ವಿಧಿಸಿತು. ಪ್ರಮಾಣಪತ್ರದಲ್ಲಿ ಎರಡು ದರ್ಜೆ: ನಿರ್ಬಂಧಿತ, ಸಾಮಾನ್ಯ. ಕರೆಸಂಕೇತವು ಮೊದಲಿನದಕ್ಕೆ 'ವಿಯು ೩' ಎಂದೂ ಎರಡನೆಯದಕ್ಕೆ 'ವಿಯು ೨' ಎಂದೂ ಆರಂಭವಾಗುವದು. ಪ್ರಶ್ನೆಪತ್ರಿಕೆಯಲ್ಲಿ ಒಂದು ಭಾಗ ವಿದ್ಯುತ್ತು ಮತ್ತು ರೇಡಿಯೋ ತತ್ತ್ವ. ಇನ್ನೊಂದು ಭಾಗ ನಿಯಮ. ಸಾಮಾನ್ಯ ದರ್ಜೆಗೆ ಇವುಗಳ ಮೇಲೆ ಮಿನಿಟಿಗೆ ಎಂಟು ಶಬ್ದದ ವೇಗದಲ್ಲಿ ಮೋರ್ಸ್ ಸಂಕೇತವನ್ನು ಕಳಿಸಲೂ ಬರೆದುಕೊಳ್ಳಲೂ ಬರಬೇಕು. ಪರೀಕ್ಷೆಗಳು ಕೇಂದ್ರದ ನಿಸ್ತಂತು ನಿರೀಕ್ಷಣಾ ಕೇಂದ್ರಗಳಲ್ಲಿ ಆಗುತ್ತವೆ. ಬೆಂಗಳೂರು, ಮಂಗಳೂರು, ಗೋವೆಗಳಲ್ಲಿ ಅಂಥ ಕೇಂದ್ರಗಳಿವೆ. ಅರ್ಜಿಯನ್ನು ದೂರಸಂಪರ್ಕ ಇಲಾಖೆಯ 'ಸರಳ ಸಂಚಾರ' ಎಂಬ ಜಾಲತಾಣದ ಮೂಲಕ ಕಳಿಸಬಹುದು. ೨೦೨೩ರಲ್ಲಿ ಹೊಸ ದೂರಸಂಪರ್ಕ ಕಾಯಿದೆಯಾಗಿ, ೨೦೨೪ರಿಂದ ಅದರ ಭಾಗಗಳು ಜಾರಿಗೆ ಬರತೊಡಗಿರುವದರಿಂದ, ಶುಲ್ಕ ಮೊದಲಾದ ವಿವರಗಳನ್ನು ಅರ್ಜಿ ಹಾಕುವ ದಿನವೇ ಅಲ್ಲಿ ನೋಡಿಕೊಳ್ಳುವದು ಒಳ್ಳೆಯದು.

ಪರವಾನಿಗೆ ಪಡೆದವನಿಗೆ ವಿಧಿನಿಷೇಧಗಳುಂಟು. ಮಾತಿನ ಆರಂಭದಲ್ಲಿಯೂ ಕೊನೆಯಲ್ಲಿಯೂ ತನ್ನ ಕರೆಸಂಕೇತವನ್ನು ಹೇಳಬೇಕು; ನಡೆದ ಸಂಭಾಷಣೆಯನ್ನು ದಿನಚರಿಯ ಪುಸ್ತಕದಲ್ಲಿ ಬರೆದಿಡಬೇಕು. ಹಾಡು ಹಾಕಕೂಡದು, ವಾರ್ತೆ ಬಿತ್ತರಿಸಕೂಡದು, ಗುಪ್ತಭಾಷೆ ಆಡಕೂಡದು, ಹಣಕ್ಕಾಗಿ ಪರರ ಸಂದೇಶ ಒಯ್ಯಕೂಡದು. ಶಿರಸಿಯಲ್ಲಿ ಇಂದು ರಾಶಿಗೆಷ್ಟು, ಚಾಲಿಗೆಷ್ಟು ಎಂಬ ಧಾರಣೆಯ ವ್ಯವಹಾರವಂತೂ ಸಲ್ಲದು. ಅಡಕೆ ಬೆಳೆಗಾರನಿಗೆ ಇದೊಂದು ಕಠಿಣ ವ್ರತವೇ!

ನಲವತ್ತು ವರ್ಷ ಪರೀಕ್ಷೆ ಮಾಡಿದವನು ಪರೀಕ್ಷೆಗೆ ಕೂತೆನು. ಹುಡುಗಿಯೂ ನಾನೂ ಒಂದೇ ಪುಸ್ತಕ ಓದಿದೆವು. ಓಮ್‌ನ ನಿಯಮವನ್ನು ಆಕೆ ನನಗೆ ಕಲಿಸಿದಳು. ನಿಯಮಾವಳಿಯ ಭಾಗವನ್ನು ಅನ್ವಯ-ತಾತ್ಪರ್ಯ ಸಹಿತ ನಾನು ಆಕೆಗೆ ಹೇಳಿದೆನು. ಮಂಗಳೂರಿಗೆ ಹೋಗಿ ಇಬ್ಬರೂ ನಿರ್ಬಂಧಿತ ದರ್ಜೆಯಲ್ಲಿ ತೇರ್ಗಡೆಯಾದೆವು. ಆಕೆಗೆ ನನಗಿಂತ ಹೆಚ್ಚು ಅಂಕ. ಈಗ ಮೇಲಿನ ದರ್ಜೆಗಾಗಿ ಮೋರ್ಸ್ ಅಭ್ಯಾಸ ನಡೆದಿದೆ. ಅದರಲ್ಲಿ ಮಾತ್ರ ನನ್ನ ಹಳೆಯ ವಿದ್ಯೆ ಕೈಗೂಡಿತು. ಮೋರ್ಸಿನ ಚುಕ್ಕೆ ಒಂದು ಮಾತ್ರೆ, ಗೆರೆ ಮೂರು ಮಾತ್ರೆ. ಅಕ್ಷರಗಳ ನಡುವೆ ಮೂರು ಮಾತ್ರೆಯ ಮೌನ, ಶಬ್ದಗಳ ನಡುವೆ ಏಳು. ಆದ್ದರಿಂದ ಗೆರೆಯು ಛಂದಸ್ಸಿನ ಗುರುವಲ್ಲ, ಗುರುವಿಗೆ ಎರಡೇ ಮಾತ್ರೆ. ಅದು ವ್ಯಾಕರಣದ ಪ್ಲುತ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ದೂರದಲ್ಲಿರುವವನನ್ನು ಕರೆಯುವಾಗ ಸ್ವರವನ್ನು ಪ್ಲುತವಾಗಿ ಎಳೆಯಬೇಕೆಂದು ಪಾಣಿನಿಯ ವಿಧಿ. ಗುಡ್ಡದ ಈಚೆ ನಿಂತು ನಮ್ಮವರು ಎಳೆಯುವ "ಕೂ" ಅದೇ ಪ್ಲುತ. ತಂತಿಯ ಮೇಲೆ ಹುಡುಗಿಯ ಬೆರಳು ಎಳೆಯುವದೂ ಅದೇ. ಇದನ್ನು ಹೇಳಿದಂದಿನಿಂದ ಆಕೆಯ ಗೆರೆಗಳು ತಪ್ಪುವದಿಲ್ಲ.

"ಇಷ್ಟೆಲ್ಲ ಶ್ರಮ ಏತಕ್ಕೆ?" ಎಂದು ಕೇಳುವವರಿಗೆ ಎರಡು ಉದಾಹರಣೆ ಸಾಕು. ೨೦೦೧ರ ಜನವರಿಯಲ್ಲಿ ಭುಜ್ ಪಟ್ಟಣ ಭೂಕಂಪದಿಂದ ನೆಲಸಮವಾದಾಗ, ಹೊರಜಗತ್ತಿಗೆ ಸುದ್ದಿ ಮುಟ್ಟಿಸಲು ಹವ್ಯಾಸಿಗಳು ತಮ್ಮ ಯಂತ್ರಗಳೊಡನೆ ಓಡಿದರು. ೨೦೦೪ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆ ಹವ್ಯಾಸಕ್ಕಾಗಿಯೇ ತಂಡ ಕಟ್ಟಿಕೊಂಡು ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು. ೨೬ನೆಯ ತಾರೀಖು ಸುನಾಮಿ ಬಂದು ಫೋನುಗಳು ಮೂಕವಾದಾಗ ಆಕೆಯ ರೇಡಿಯೋವೇ ಎಷ್ಟೋ ಮನೆಗಳಿಗೆ "ನಿಮ್ಮವರು ಬದುಕಿದ್ದಾರೆ" ಎಂಬ ವಾರ್ತೆಯನ್ನು ಮುಟ್ಟಿಸಿತು. ಆಪತ್ಕಾಲದಲ್ಲಿ ಪರರ ಸಂದೇಶ ಒಯ್ಯಲು ನಿಯಮವೂ ಎಡೆ ಕೊಡುವದು. ಆದರೆ ಇವರಾರೂ ಆಪತ್ತು ಬಂದ ದಿನ ಪುಸ್ತಕ ತೆರೆದವರಲ್ಲ. ಅರ್ಜಿ, ಓದು, ಪರೀಕ್ಷೆ, ಅಭ್ಯಾಸ ಇವೆಲ್ಲ ತಿಂಗಳುಗಳ ಕೆಲಸ. ಗುಡ್ಡ ಜಾರಿದ ಮೇಲೆ ಮಾಡುವಂಥವಲ್ಲ. ಪೆಟ್ಟಿಗೆಯನ್ನು ಹಣ ಕೊಟ್ಟು ಒಂದೇ ದಿನ ತರಬಹುದು. ಅದರಲ್ಲಿ ಕೇಳುವವನ ನಂಬಿಕೆಗೆ ಪಾತ್ರವಾದ ಹೆಸರನ್ನು ಹಾಗೆ ತರಲಾಗದು. ಪರವಾನಿಗೆಯೆಂದರೆ ಆ ಹೆಸರೇ.

ಆದ್ದರಿಂದ ಇಚ್ಛೆಯುಳ್ಳ ವಾಚಕರು ಹೀಗೆ ಮಾಡಬಹುದು. ಮೊದಲು ಶಾರ್ಟ್‌ವೇವ್ ಹಿಡಿಯುವ, ಹವ್ಯಾಸಿಗಳ ಮಾತಿನ ರೀತಿಯನ್ನೂ ಬಿಡಿಸಬಲ್ಲ ಒಂದು ಕೇಳುವ ರೇಡಿಯೋ ತಂದು, ಏಳು ಮೆಗಾಹರ್ಟ್ಸ್‌ನ ಪಟ್ಟಿಯಲ್ಲಿ ಮುಂಜಾನೆ ನಡೆಯುವ ಸಂಭಾಷಣೆಗಳನ್ನು ಕೆಲವು ತಿಂಗಳು ಕೇಳಿರಿ. ಮನೆಯಲ್ಲಿ ಹನ್ನೆರಡು ತುಂಬಿದ ಮಕ್ಕಳಿದ್ದರೆ ಜೊತೆಯಲ್ಲಿ ಕೂಡ್ರಿಸಿಕೊಳ್ಳಿರಿ, ಹುಡುಗಿಯರನ್ನು ಬಿಡಬೇಡಿರಿ. ಪರವಾನಿಗೆ ಬಂದ ಮೇಲೆಯೇ ಮಾತನಾಡುವ ಯಂತ್ರ ಕೊಳ್ಳಿರಿ. ಕರೆಂಟು ಹೋದಾಗಲೇ ಅದರ ಕೆಲಸವಿರುವದರಿಂದ ೧೨ ವೋಲ್ಟಿನ ಬ್ಯಾಟರಿಯಿಂದ ನಡೆಯುವಂಥದನ್ನೇ ಆರಿಸಿರಿ. ಮಳೆಗಾಲದ ಮುಂಚಿನ ಗುಡುಗು-ಸಿಡಿಲಿನಲ್ಲಿ ಅಂಟೆನಾದ ತಂತಿಯನ್ನು ಯಂತ್ರದಿಂದ ಕಳಚಿ ಹೊರಗೆ ಹಾಕಲು ಮರೆಯದಿರಿ. ಮತ್ತು ಮಾತನಾಡುವ ಮೊದಲು ಒಂದು ಕ್ಷಣ ಕೇಳಿ, ಆ ಸ್ಥಳದಲ್ಲಿ ಬೇರೆ ಯಾರೂ ಮಾತನಾಡುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿರಿ. ನಮ್ಮಲ್ಲಿ ಜಾಣ ಗೃಹಿಣಿಯು ಮಳೆಗಾಲದ ಕಟ್ಟಿಗೆಯನ್ನು ಬೇಸಗೆಯಲ್ಲಿಯೇ ಕೊಟ್ಟಿಗೆ ಸೇರಿಸುತ್ತಾಳೆ. ಈ ವಿದ್ಯೆಯನ್ನೂ ಬಿಸಿಲಿರುವಾಗಲೇ ಕೂಡಿಹಾಕಿಕೊಳ್ಳುವದು ಒಳಿತು.